ಚಿತ್ರದ ಮುಂದೆ, ನೆಲದ ಮೇಲೆ

ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ನಿಮ್ಮನ್ನೆಲ್ಲ ಒಂದು ಕೋಣೆಗೆ ಕರೆದುಕೊಂಡು ಹೋಗುತ್ತೇನೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಎಂಬ ಊರು. ಅಲ್ಲಿನ ಯೇಲ್ ವಿಶ್ವವಿದ್ಯಾಲಯದ ಆರ್ಟ್ ಗ್ಯಾಲರಿ. ಬೆಳಿಗ್ಗೆ ಹತ್ತೂವರೆ ಇರಬಹುದು. ಅದೇ ಊರಿನ ಶಾಲೆಯೊಂದರ ನಾಲ್ಕನೇ ತರಗತಿಯ ಹನ್ನೆರಡು ಮಕ್ಕಳು ಒಂದು ಚಿತ್ರದ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಚಿತ್ರದ ಗೋಡೆಗಳೆಲ್ಲ ರಕ್ತಗೆಂಪು, ಮೇಲ್ಚಾವಣಿ ಹಸಿರು. ನಡುವೆ ದೊಡ್ಡದೊಂದು ಬಿಲಿಯರ್ಡ್ಸ್ ಮೇಜು. ತಲೆಯ ಮೇಲೆ ನಾಲ್ಕು ದೀಪ, ಪ್ರತಿ ದೀಪದ ಸುತ್ತಲೂ ಬೆಳಕು ಬಳೆಬಳೆಯಾಗಿ ಹರಡಿದೆ. ಗೋಡೆ ಗಡಿಯಾರದಲ್ಲಿ ಹನ್ನೆರಡು ದಾಟಿದೆ. ಬದಿಯ ಮೇಜುಗಳಿಗೆ ತಲೆ ಕೊಟ್ಟು ಒಂದಿಬ್ಬರು ಕುಸಿದಿದ್ದಾರೆ. ಬಿಳಿ ಬಟ್ಟೆಯ ಒಬ್ಬ ಮಾತ್ರ ಮೇಜಿನ ಪಕ್ಕ ನೆಟ್ಟಗೆ ನಿಂತು ನಮ್ಮನ್ನೇ ನೋಡುತ್ತಿದ್ದಾನೆ.

'ಇಲ್ಲಿ ಏನು ನಡೀತಿದೆ?' ಅಂತ ಕೇಳಿದೆ. ಒಬ್ಬಳು ಹುಡುಗಿ ಕೈಯೆತ್ತಿ, 'ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ' ಅಂದಳು. ಏನು ನೋಡಿ ಹಾಗನ್ನಿಸಿತು ಅಂದೆ. 'ಕುರ್ಚಿ ಖಾಲಿ, ಗ್ಲಾಸು ಮಾತ್ರ ಮೇಜಿನ ಮೇಲೇ ಇದೆ.' ಅವಳ ಪಕ್ಕದವನು, ನೆಲ ನಮ್ಮ ಕಡೆಗೇ ಜಾರಿಕೊಂಡು ಬರುತ್ತಿದೆ, ಕೂತರೆ ಬೀಳುತ್ತೇವೆ ಅಂದ. ಹಲಗೆಗಳ ಗೆರೆ ನೋಡಿದರೆ ನಿಜವೇ. ಕೊನೆಗೆ, ಅಲ್ಲಿಯತನಕ ಬಾಯಿ ಬಿಡದಿದ್ದ ಹುಡುಗನೊಬ್ಬ ಆ ಬಿಳಿ ಬಟ್ಟೆಯವನನ್ನು ತೋರಿಸಿ, 'ಅವರು ಮನೆಗೆ ಹೋಗೋಕೆ ಕಾಯ್ತಿದ್ದಾರೆ. ನಮ್ಮಮ್ಮ ರಾತ್ರಿ ಪಾಳಿ ಮುಗಿಸಿ ಬಂದಾಗ ಅಡುಗೆಮನೇಲಿ ಹೀಗೇ ನಿಂತಿರ್ತಾಳೆ' ಅಂದ.

ಚಿತ್ರ ಬರೆದವನು ವ್ಯಾನ್ ಗೋ, 1888ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಆರ್ಲ್ ಊರಿನ ಒಂದು ಕಾಫಿ ಅಂಗಡಿಯಲ್ಲಿ. ಮೂರು ರಾತ್ರಿ ಎದ್ದಿದ್ದು, ಹಗಲು ಮಲಗಿ, ಇದನ್ನು ಬರೆದೆ ಅಂತ ತಮ್ಮನಿಗೆ ಕಾಗದ ಹಾಕಿದ್ದ. ನಿಂತಿರುವವನು ಆ ಅಂಗಡಿಯ ಮಾಲೀಕ. ಆ ಹುಡುಗನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಎದ್ದಿದ್ದವರ ದಣಿವನ್ನು ಮಾತ್ರ ಅವನು ಸರಿಯಾಗಿ ಗುರುತಿಸಿದ್ದ.

ಈ ಮಕ್ಕಳಿಗೆ ಪ್ರಶ್ನೆ ಕೇಳುವುದು ಆಗ ನನ್ನ ಕೆಲಸ. ಸಂಬಳ ಕೊಡುವ ಕೆಲಸ. ನಾನು ಕಲೆ ಓದಿದವಳಲ್ಲ. ಹಾಸನ ಜಿಲ್ಲೆಯ ಹಳ್ಳಿಯಿಂದ ಬಂದು, ಇಲ್ಲೇ ಮೈಸೂರಿನಲ್ಲಿ ಡಿಗ್ರಿ ಮಾಡಿ, ಅಲ್ಲಿಗೆ ಹೋಗಿದ್ದು ಸಾರ್ವಜನಿಕ ಆರೋಗ್ಯ ಓದೋದಕ್ಕೆ. ಹೋದ ಮೊದಲ ತಿಂಗಳಲ್ಲೇ ಕೈಯಲ್ಲಿದ್ದ ದುಡ್ಡು ಕರಗತೊಡಗಿತು. ನಿಮ್ಮಲ್ಲೂ ಹೊರಗೆ ಹೋಗಿ ಓದಬೇಕು ಅನ್ನುವವರು ಇರುತ್ತೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಅದೂ ಕ್ಯಾಂಪಸ್ಸಿನ ಒಳಗೇ. ಅಲ್ಲಿನ ಸರ್ಕಾರ 1964ರಲ್ಲಿ ಶುರುಮಾಡಿದ ವರ್ಕ್-ಸ್ಟಡಿ ಅನ್ನುವ ಯೋಜನೆಯಿದೆ. ಬಡ ವಿದ್ಯಾರ್ಥಿಗೆ ಕ್ಯಾಂಪಸ್ಸಿನಲ್ಲಿ ಕೆಲಸ ಕೊಟ್ಟರೆ ಕೂಲಿಯ ಬಹುಪಾಲನ್ನು ಸರ್ಕಾರವೇ ಭರಿಸುತ್ತದೆ. ನಮ್ಮಂಥ ಹೊರದೇಶದವರಿಗೆ ಅದು ಸಿಗುವುದಿಲ್ಲ. ಹಾಗಾಗಿ ಎಲ್ಲಿ ಕೆಲಸವಿದೆ ಅಂತ ಹುಡುಕುವಾಗ ಲೈಬ್ರರಿ, ಮೆಸ್ಸು, ಪ್ರಯೋಗಾಲಯ ಎಲ್ಲ ನೋಡಿದೆ. ಆರ್ಟ್ ಗ್ಯಾಲರಿ ಅನ್ನುವುದು ತಲೆಗೇ ಬಂದಿರಲಿಲ್ಲ. ಯೇಲ್‌ನಲ್ಲಿ ಎರಡು ಬಗೆಯ ವಿದ್ಯಾರ್ಥಿ ಗುಂಪುಗಳಿವೆ. ಪದವಿ ಓದುವವರು ಗ್ಯಾಲರಿ ಗೈಡ್‌ಗಳು, 1998ರಿಂದ ನಡೆದುಬಂದಿರುವ ವ್ಯವಸ್ಥೆ ಅದು. ಅವರು ತಮ್ಮ ಪ್ರವಾಸವನ್ನು ತಾವೇ ಕಟ್ಟಿ, ಬಂದ ಜನರನ್ನು ಕರೆದುಕೊಂಡು ಸುತ್ತಿಸುತ್ತಾರೆ. ಸ್ನಾತಕೋತ್ತರದವರು ಗ್ಯಾಲರಿ ಟೀಚರ್‌ಗಳು, ಶಾಲಾ ಮಕ್ಕಳ ಗುಂಪು ಅವರ ಪಾಲು. ಕಾನೂನು ಓದುವವರು, ಕಾಡಿನ ಬಗ್ಗೆ ಓದುವವರು, ಸಂಗೀತದವರು, ಎಲ್ಲರಿಗೂ ಅವಕಾಶ. ಕಲೆ ಓದಿರಬೇಕು ಅನ್ನುವ ಷರತ್ತಿಲ್ಲ.

ಆ ಗ್ಯಾಲರಿ ಟೀಚರ್ ಕೆಲಸಕ್ಕೆ ನಾನು ಹೆದರಿಕೊಂಡೇ ಹೋಗಿದ್ದೆ. ಇಸವಿ, ಹೆಸರು, ಪಂಥ ಎಲ್ಲ ಬಾಯಿಪಾಠ ಮಾಡಬೇಕೇನೋ ಅಂದುಕೊಂಡಿದ್ದೆ. ಕಲಿಸಿದ್ದು ಬೇರೆಯೇ. ನಾವು ಹೆಚ್ಚು ನೆಚ್ಚಿಕೊಂಡಿದ್ದು ಮೂರೇ ಪ್ರಶ್ನೆಗಳನ್ನು: ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಏನನ್ನು ನೋಡಿ ಹಾಗೆ ಹೇಳುತ್ತೀರಿ? ಇನ್ನೂ ಏನು ಕಾಣಿಸುತ್ತಿದೆ? ಇವನ್ನು ರೂಪಿಸಿದವರು ಅಬಿಗೇಲ್ ಹೌಸೆನ್ ಎಂಬ ಮನಶ್ಶಾಸ್ತ್ರಜ್ಞೆ, ಮತ್ತು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಎರಡನೇ ಪ್ರಶ್ನೆ ಇದೆಯಲ್ಲ, ಏನನ್ನು ನೋಡಿ ಹಾಗೆ ಹೇಳುತ್ತೀರಿ ಅನ್ನುವುದು, ಅದು ಬಹಳ ಗಟ್ಟಿ ಪ್ರಶ್ನೆ. ಅದನ್ನು ಬೈಯುವ ಹಾಗೆ ಕೇಳಬಾರದು, ಅನುಮಾನದ ದನಿಯಲ್ಲೂ ಕೇಳಬಾರದು. ನನಗೂ ನೋಡಬೇಕಿದೆ, ತೋರಿಸು ಅನ್ನುವ ಹಾಗೆ ಕೇಳಬೇಕು. ಆ ದನಿ ಹಿಡಿಯೋಕೆ ನನಗೆ ಒಂದಿಡೀ ಸೆಮಿಸ್ಟರ್ ಹಿಡಿಯಿತು. ನಾನು ಓದಿದ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಅವರ ಜೇಬಲ್ಲೇ ಇರುತ್ತಿತ್ತು. ಇಲ್ಲಿ ನನ್ನ ಹತ್ತಿರವೂ ಉತ್ತರ ಇಲ್ಲ. ಹಾಗೆ ಬರಿಗೈಲಿ ಮಕ್ಕಳ ಮುಂದೆ ನಿಲ್ಲುವುದಕ್ಕೆ ಧೈರ್ಯ ಬೇಕು.

ನೀವೆಲ್ಲ ಮೈಸೂರಿನವರು. ಜಗನ್ಮೋಹನ ಅರಮನೆಯ ದೀಪದ ಹೆಂಗಸನ್ನು ನೋಡದವರು ಯಾರೂ ಇರಲಾರಿರಿ. ಹಳದಂಕರ್ ಅವರ ಚಿತ್ರ. ಬಹಳ ಜನ ಅದನ್ನು ತೈಲವರ್ಣ ಅಂದುಕೊಂಡಿರುತ್ತಾರೆ, ಅದು ನೀರುಬಣ್ಣ. ನಾನು ಮೊದಲ ಸಲ ನೋಡಿದ್ದು ಶಾಲೆ ಪ್ರವಾಸದಲ್ಲಿ. ಕತ್ತಲೆ, ಸಾಲು, ಹಿಂದಿನಿಂದ ನೂಕು, 'ನಡೀರಿ ನಡೀರಿ'. ಅರ್ಧ ನಿಮಿಷ ಸಿಕ್ಕಿರಬಹುದು. ದೀಪದ ಬೆಳಕು ಬೆರಳ ಸಂದಿಯಿಂದ ಹೇಗೆ ಕೆಂಪಗೆ ಸೋರುತ್ತದೆ ಅನ್ನುವುದನ್ನು ನಾನು ಗಮನಿಸಿದ್ದು ಹದಿನೈದು ವರ್ಷದ ನಂತರ, ಆ ಕೆಲಸ ಮಾಡಿ ಊರಿಗೆ ವಾಪಸ್ಸು ಬಂದ ಮೇಲೆ. ಚಿತ್ರ ಅದೇ. ಒಂದೇ ಚಿತ್ರದ ಮುಂದೆ ನಲವತ್ತು ನಿಮಿಷ ಇರುವುದು ನನಗೆ ಆ ಹೊತ್ತಿಗೆ ಅಭ್ಯಾಸವಾಗಿತ್ತು, ಅಷ್ಟೇ ವ್ಯತ್ಯಾಸ.

ಈಗ ಆ ಗ್ಯಾಲರಿ ಹುಟ್ಟಿದ ಕತೆ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ನಂಬರು. ವ್ಯಾನ್ ಗೋ ಚಿತ್ರದ ನಂಬರು 1961.18.34. ಎಂದರೆ 1961ರಲ್ಲಿ ಬಂದದ್ದು, ಆ ವರ್ಷದ ಹದಿನೆಂಟನೇ ಕೊಡುಗೆ, ಆ ಕೊಡುಗೆಯೊಳಗಿನ ಮೂವತ್ತನಾಲ್ಕನೇ ವಸ್ತು. ಹಳೇ ವಿದ್ಯಾರ್ಥಿಯೊಬ್ಬ ಮರಣಪತ್ರದಲ್ಲಿ ಬಿಟ್ಟುಹೋದದ್ದು. ಈ ನಂಬರುಗಳನ್ನು ಓದೋಕೆ ಬಂದರೆ ಗ್ಯಾಲರಿಯ ಚರಿತ್ರೆಯನ್ನೇ ಓದಿದ ಹಾಗೆ. ಎಲ್ಲಕ್ಕಿಂತ ಹಳೆಯವುಗಳಲ್ಲಿ ಒಂದು 1832.3. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಚಿತ್ರ, ಜಾನ್ ಟ್ರಂಬುಲ್ ಬರೆದದ್ದು. ಅವರ ಎರಡು ಡಾಲರ್ ನೋಟಿನ ಹಿಂಬದಿಯಲ್ಲಿ ಇರುವುದು ಇದರ ಆಧಾರದ ಚಿತ್ರವೇ. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿರುವ ಇದರ ದೊಡ್ಡ ಆವೃತ್ತಿ ಒಂದು ಗೋಡೆ ತುಂಬುತ್ತದೆ. ಯೇಲ್‌ನಲ್ಲಿರುವುದು ಹೆಚ್ಚೂಕಡಿಮೆ ನಿಮ್ಮ ಮನೆ ಟೀವಿಯಷ್ಟು.

ಟ್ರಂಬುಲ್ ವಯಸ್ಸಾದ ಮೇಲೆ ಕಷ್ಟಕ್ಕೆ ಸಿಕ್ಕಿದ್ದ. ತನ್ನ ಚಿತ್ರಗಳನ್ನೆಲ್ಲ ಯೇಲ್ ಕಾಲೇಜಿಗೆ ಕೊಡುವುದು, ಕಾಲೇಜು ತನಗೆ ಬದುಕಿರುವತನಕ ವರ್ಷಕ್ಕೆ 1000 ಡಾಲರ್ ಕೊಡುವುದು ಅಂತ ಒಪ್ಪಂದವಾಯಿತು. ಚಿತ್ರಗಳಿಗೆ ಕಟ್ಟಡದ ನಕ್ಷೆಯನ್ನೂ ಅವನೇ ಹಾಕಿದ. 1832ರಲ್ಲಿ ಬಾಗಿಲು ತೆರೆಯಿತು. ತನ್ನನ್ನು ತನ್ನ ಚಿತ್ರಗಳ ಕೆಳಗೇ ಹೂಳಬೇಕು ಅಂತ ಅವನ ಆಸೆ, ಹಾಗೇ ಹೂತರು. ಮುಂದೆ ಚಿತ್ರಗಳು ಬೇರೆ ಕಟ್ಟಡಕ್ಕೆ ಹೋದಾಗ ಅವನ ಅಸ್ಥಿಯೂ ಹಿಂದೆಯೇ ಹೋಯಿತು. ಈ ಸಂಗತಿಯನ್ನು ಮಕ್ಕಳಿಗೆ ಹೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಒಪ್ಪಂದದ ಇನ್ನೊಂದು ಮಾತು. ತಾನು ಸತ್ತ ಮೇಲೆ ಪ್ರದರ್ಶನದಿಂದ ಬರುವ ಹಣವನ್ನು ಬಡ ವಿದ್ಯಾರ್ಥಿಗಳ ಓದಿನ ಖರ್ಚಿಗೆ ಶಾಶ್ವತವಾಗಿ ಮೀಸಲಿಡಬೇಕು ಅಂತ ಬರೆಸಿದ್ದ. ಈಗ ಅಲ್ಲಿ ಟಿಕೆಟ್ಟೇ ಇಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದು. ಆದರೂ, ಗ್ಯಾಲರಿಯ ಕೆಲಸದಿಂದ ಬಂದ ದುಡ್ಡಲ್ಲಿ ನಾನು ಬಾಡಿಗೆ ಕಟ್ಟುವಾಗ ಆ ಮುದುಕ ನೆನಪಾಗುತ್ತಿದ್ದ.

ಚರಿತ್ರೆಯ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1871ರಲ್ಲಿ ಜಾರ್ವಿಸ್ ಎಂಬ ಸಂಗ್ರಾಹಕ ಸಾಲಕ್ಕೆ ಅಡವಿಟ್ಟಿದ್ದ ಇಟಲಿಯ ಹಳೇ ಚಿತ್ರಗಳು ಹರಾಜಿಗೆ ಬಂದವು. ಬೇರೆ ಯಾರೂ ಕೂಗಲಿಲ್ಲ. ಯೇಲ್ 22,000 ಡಾಲರಿಗೆ ಅಷ್ಟನ್ನೂ ಇಟ್ಟುಕೊಂಡಿತು. ಅವತ್ತು ಯಾರಿಗೂ ಬೇಡವಾಗಿದ್ದವನ್ನು ಇವತ್ತು ದೂರದೂರದಿಂದ ಬಂದು ನೋಡುತ್ತಾರೆ. ಯೇಲ್‌ಗೆ ಹೆಣ್ಣುಮಕ್ಕಳು ಮೊದಲು ಕಾಲಿಟ್ಟಿದ್ದೂ ಕಲೆಯ ಬಾಗಿಲಿನಿಂದಲೇ. 1869ರಲ್ಲಿ ಶುರುವಾದ ಕಲಾಶಾಲೆಗೆ ಹಣ ಕೊಟ್ಟವನು, ಹುಡುಗಿಯರನ್ನೂ ಸೇರಿಸಿಕೊಳ್ಳಬೇಕು ಅಂತ ಷರತ್ತು ಹಾಕಿದ್ದ. ಈಗಿನ ಗ್ಯಾಲರಿಯ ಮುಖ್ಯ ಕಟ್ಟಡ 1953ರದ್ದು, ಲೂಯಿ ಕಾನ್ ಕಟ್ಟಿದ್ದು. ಅಹಮದಾಬಾದಿನ ಐಐಎಂನ ಇಟ್ಟಿಗೆ ಕಮಾನುಗಳ ಫೋಟೋ ನೋಡಿದ್ದೀರಲ್ಲ, ಅದೇ ಕಾನ್. ಇಲ್ಲಿ ಅವನು ಮೇಲ್ಚಾವಣಿಯನ್ನು ಕಾಂಕ್ರೀಟಿನ ತ್ರಿಕೋನಗಳ ಜಾಲವಾಗಿ ಮಾಡಿದ್ದಾನೆ. ದೀಪ, ಗಾಳಿಯ ಕೊಳವೆ ಎಲ್ಲ ಅದರೊಳಗೇ ಅಡಗಿವೆ. ಶಾಲಾ ಮಕ್ಕಳು ಒಳಗೆ ಬಂದವರೇ ಚಿತ್ರ ಬಿಟ್ಟು ಮೊದಲು ತಲೆಯೆತ್ತಿ ಅದನ್ನೇ ನೋಡುತ್ತಾರೆ, ಜೇನುಗೂಡು ನೋಡಿದ ಹಾಗೆ.

ಪ್ರದರ್ಶನ ಅಂದರೆ ನಮ್ಮ ಕಣ್ಣಿಗೆ ಕಾಣೋದು ಗೋಡೆ ಮತ್ತು ಚಿತ್ರ. ಹಿಂದಿನ ಕೋಣೆಯಲ್ಲಿ ಇನ್ನೊಂದು ಲೋಕ ಇದೆ. ಒಂದು ಬೇಸಿಗೆಯಲ್ಲಿ ನಾನು ಬೇರೊಂದು ಊರಿನ ಸಣ್ಣ ಗ್ಯಾಲರಿಯ ಉಗ್ರಾಣದಲ್ಲಿ ಕೆಲಸ ಮಾಡಿದೆ. ಅಲ್ಲಿ ಒಳಗೆ ಹೋಗುವ ಮುಂಚೆ ಪೆನ್ನು ಹೊರಗಿಡಬೇಕು. ಬರೆಯೋದೆಲ್ಲ ಪೆನ್ಸಿಲ್ಲಿನಲ್ಲೇ, ಯಾಕೆಂದರೆ ಶಾಯಿಯ ಒಂದು ಗೆರೆ ಬಿದ್ದರೆ ಅಳಿಸುವಂತಿಲ್ಲ. ಉಂಗುರ, ಬಳೆ, ಕೊರಳಲ್ಲಿ ತೂಗುವ ಐಡಿ ಕಾರ್ಡು ಎಲ್ಲ ತೆಗೆಯಬೇಕು. ಒಂದು ವಸ್ತುವನ್ನು ಎತ್ತುವ ಮುಂಚೆ ಅದನ್ನು ಎಲ್ಲಿ ಇಡುತ್ತೀಯ ಅಂತ ಜಾಗ ಮಾಡಿಕೊಂಡಿರಬೇಕು. ಕಾಗದ, ಬಟ್ಟೆ, ನೀರುಬಣ್ಣ ಇವುಗಳ ಮೇಲೆ ಬೆಳಕು 50 ಲಕ್ಸ್ (ಲಕ್ಸ್ ಅನ್ನುವುದು ಬೆಳಕಿನ ಅಳತೆ) ದಾಟಬಾರದು, ಅಂದರೆ ನಮ್ಮ ಮನೆಯ ಸಂಜೆ ದೀಪಕ್ಕಿಂತಲೂ ಮಂದ. ತೈಲವರ್ಣಕ್ಕೆ 200ರ ಆಸುಪಾಸು. ಕಾಗದದ ಚಿತ್ರವನ್ನು ಕೆಲವು ತಿಂಗಳು ತೋರಿಸಿ ಆಮೇಲೆ ವರ್ಷಗಟ್ಟಲೆ ಕತ್ತಲೆಯಲ್ಲಿ ಮಲಗಿಸುತ್ತಾರೆ. ಬೆಳಕು ತಿಂದದ್ದು ವಾಪಸ್ಸು ಬರುವುದಿಲ್ಲ. ಚಿತ್ರ ತೂಗುಹಾಕುವಾಗ ಅದರ ನಟ್ಟನಡು ನೆಲದಿಂದ ಸುಮಾರು 145 ಸೆಂಟಿಮೀಟರಿಗೆ ಬರಬೇಕು, ನಿಂತವರ ಕಣ್ಣಿನ ಮಟ್ಟಕ್ಕೆ. ಈ ಲೆಕ್ಕ ನೋಡಿ ನನ್ನ ಜೊತೆಗಿದ್ದ ಹುಡುಗಿ, ಗಾಲಿಕುರ್ಚಿಯಲ್ಲಿ ಬರುವವರ ಕಣ್ಣಿನ ಮಟ್ಟ ಯಾವುದು ಅಂತ ಕೇಳಿದಳು. ಮರುದಿನ ಎರಡು ಚಿತ್ರಗಳನ್ನು ಕೆಳಗಿಳಿಸಿದೆವು.

ಅಲ್ಲೇ ಒಂದು ಅನಾಹುತವೂ ಆಯಿತು. ದೂರದಿಂದ ಎರವಲು ಬಂದ ಮರದ ಹಲಗೆ ಚಿತ್ರ. ಪೆಟ್ಟಿಗೆ ಬಂದಿಳಿದ ಮೇಲೆ 24 ಗಂಟೆ ಮುಟ್ಟಬಾರದು. ಮರ ಉಸಿರಾಡುತ್ತದೆ, ಹೊಸ ಕೋಣೆಯ ಉಷ್ಣ, ತೇವಕ್ಕೆ ಅದು ನಿಧಾನಕ್ಕೆ ಹೊಂದಿಕೊಳ್ಳಬೇಕು. ಆದರೆ ಉದ್ಘಾಟನೆ ಮರುದಿನವೇ ಇತ್ತು, ಕರೆದವರು ದೊಡ್ಡವರು. ಆವತ್ತೇ ಬಿಚ್ಚಿಬಿಡಿ ಅಂತ ಮೇಲಿನಿಂದ ಮಾತು ಬಂತು. ಬಿಚ್ಚಿದೆವು. ಸಂಜೆಯ ಹೊತ್ತಿಗೆ ಕೆಳ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಎದ್ದಿತ್ತು. ಉಗುರಿಗಿಂತ ಸಣ್ಣದು. ಸಭೆಗೆ ಬಂದವರಲ್ಲಿ ಒಬ್ಬರಿಗೂ ಕಾಣಲಿಲ್ಲ. ನನ್ನ ಮೇಲಿನ ಹಿರಿಯರು ಮಾತ್ರ ಟಾರ್ಚನ್ನು ಅಡ್ಡ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ನನ್ನ ಕೈಯಿಂದಲೇ ವರದಿ ಬರೆಸಿದರು. ಎಲ್ಲಿ, ಎಷ್ಟು ಮಿಲಿಮೀಟರ್, ಯಾವಾಗ ಕಂಡದ್ದು. 'ಬಿಚ್ಚಿದ್ದು ಎಷ್ಟು ಹೊತ್ತಿಗೆ ಅನ್ನೋದನ್ನೂ ಬರಿ' ಅಂದರು. ಅದನ್ನು ಬರೆದರೆ ತಪ್ಪು ಯಾರದು ಅಂತ ಗೊತ್ತಾಗುತ್ತದೆ. ಬರೆದೆ. ಹತ್ತೊಂಬತ್ತು ಪುಟದ ಥೀಸಿಸ್ ಅಧ್ಯಾಯ ಬರೆದಾಗಲೂ ನನ್ನ ಕೈ ಅಷ್ಟು ನಡುಗಿರಲಿಲ್ಲ. ನಿಜ ಬರೆಯುವುದು ಅಂದರೆ ಏನು ಅಂತ ನನಗೆ ತಿಳಿದದ್ದು ಆ ಒಂದು ಹಾಳೆಯಲ್ಲಿ.

ಇನ್ನು ಲೇಬಲ್ಲು. ಚಿತ್ರದ ಪಕ್ಕ ಅಂಟಿಸುವ ಆ ಸಣ್ಣ ಚೀಟಿ. ಎಪ್ಪತ್ತು ಪದ ಕೊಡುತ್ತಾರೆ. ಮೊದಲ ಸಲ ನಾನು ನಾನೂರು ಬರೆದುಕೊಂಡು ಹೋದೆ. ಓದುವವರು ನಿಂತಿರುತ್ತಾರೆ, ಕಾಲು ನೋಯುತ್ತಿರುತ್ತದೆ, ಕಂಕುಳಲ್ಲಿ ಮಗು ಇರುತ್ತದೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ. ಒಂದು ಲೇಬಲ್ ಒಳ್ಳೆಯದೋ ಅಲ್ಲವೋ ಅಂತ ಗೊತ್ತುಮಾಡಲು ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಅದನ್ನು ಓದಿದವರ ಕಣ್ಣು ಮತ್ತೆ ಚಿತ್ರದ ಕಡೆ ಹೋಯಿತೇ, ಅಥವಾ ಮುಂದಿನ ಲೇಬಲ್ಲಿನ ಕಡೆ ಹೋಯಿತೇ? ಕಾವಲಿಗೆ ನಿಂತ ದಿನಗಳಲ್ಲಿ ಇದನ್ನೇ ಎಣಿಸುತ್ತಿದ್ದೆ. ಬಹಳಷ್ಟು ಲೇಬಲ್ಲುಗಳು ಸೋಲುತ್ತವೆ. ನಮ್ಮ ಕಡೆಯ ವಸ್ತುಸಂಗ್ರಹಾಲಯಗಳಲ್ಲಿ 'ವಿಷ್ಣು, 12ನೇ ಶತಮಾನ, ಬಳಪದ ಕಲ್ಲು' ಅಂತಷ್ಟೇ ಇರುತ್ತದೆ. ಅದು ಪೊಲೀಸ್ ಠಾಣೆಯಲ್ಲಿ ಬರೆದುಕೊಂಡ ವಿಳಾಸ ಇದ್ದ ಹಾಗೆ. ಆ ವಿಷ್ಣುವಿನ ಎಡಗೈ ಹೆಬ್ಬೆರಳಿನ ಉಂಗುರವನ್ನು ನೋಡಿ ಅಂತ ಒಂದು ಸಾಲು ಸೇರಿಸಿದರೆ ಸಾಕು, ಬಂದವರು ಒಂದು ಹೆಜ್ಜೆ ಹತ್ತಿರ ಹೋಗುತ್ತಾರೆ.

ವಿದ್ಯಾರ್ಥಿಗಳಿಗೆ ಇಷ್ಟೇ ಅಲ್ಲ, ಇಡೀ ಪ್ರದರ್ಶನವನ್ನೇ ಒಪ್ಪಿಸುವುದೂ ಉಂಟು. 2019ರ ನವೆಂಬರಿನಲ್ಲಿ ಯೇಲ್ ಗ್ಯಾಲರಿಯಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ 200 ವರ್ಷಗಳ ಕಲೆಯ ಪ್ರದರ್ಶನ ತೆರೆಯಿತು. ಆ ಗ್ಯಾಲರಿಯ ಚರಿತ್ರೆಯಲ್ಲಿ ಈ ಜನರ ಕಲೆಗೆ ಮೀಸಲಾದ ಮೊದಲ ದೊಡ್ಡ ಪ್ರದರ್ಶನ ಅದು. ಅದನ್ನು ಕಟ್ಟಿದವರು ಮೂವರು ವಿದ್ಯಾರ್ಥಿಗಳು. ಅವರಲ್ಲಿ ಮೂಲನಿವಾಸಿ ಸಮುದಾಯದವರೂ ಇದ್ದರು. ಗ್ಯಾಲರಿಯ ಸ್ವಂತ ಸಂಗ್ರಹದ ಜೊತೆಗೆ, ಅದೇ ವಿಶ್ವವಿದ್ಯಾಲಯದ ಅಪರೂಪದ ಪುಸ್ತಕಗಳ ಲೈಬ್ರರಿಯಿಂದ ಮತ್ತು ಪೀಬಾಡಿ ಮ್ಯೂಸಿಯಂನಿಂದಲೂ ವಸ್ತುಗಳನ್ನು ತಂದರು. ಪೀಬಾಡಿ ಎಂದರೆ ಡೈನೋಸಾರಿನ ಮೂಳೆ, ಕಲ್ಲು, ಹಕ್ಕಿಗಳಿರುವ ಪ್ರಕೃತಿ ಚರಿತ್ರೆಯ ಸಂಗ್ರಹಾಲಯ. ಯುರೋಪಿನವರು ಮಾಡಿದ್ದು ಆರ್ಟ್ ಗ್ಯಾಲರಿಗೆ, ಆ ನೆಲದವರೇ ನೇಯ್ದದ್ದು ಹೆಣೆದದ್ದು ಮೂಳೆಗಳ ಪಕ್ಕಕ್ಕೆ. ಬಹುಕಾಲ ಹೆಚ್ಚಿನವರಿಗೆ ತಪ್ಪು ಅನ್ನಿಸದಿದ್ದ ಈ ವಿಂಗಡಣೆಯನ್ನು ಇಪ್ಪತ್ತರ ಆಸುಪಾಸಿನ ಮೂವರು ಎದುರಿಗೆ ಎಳೆದು ತಂದರು. ನಮ್ಮಲ್ಲೂ ಇದೇ ಅಲ್ಲವೇ? ರವಿವರ್ಮನದು ಕಲೆ, ತೊಗಲುಗೊಂಬೆ ಜಾನಪದ. ಗೊಂಬೆಯವರ ಮನೆಯಲ್ಲಿ ಆಡಿನ ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಉಳಿಯಿಂದ ಒಂದೊಂದೇ ರಂಧ್ರ ಹೊಡೆದು ರಾವಣನ ಕಿರೀಟ ಮಾಡುವ ಕೈಗೆ ಚಿತ್ರಕಾರ ಅನ್ನುವ ಹೆಸರು ಯಾಕೆ ದಕ್ಕಲಿಲ್ಲ? ಇಂಥ ಪ್ರಶ್ನೆ ಕೇಳುವವರು ವಿದ್ಯಾರ್ಥಿಗಳೇ. ದೊಡ್ಡವರಿಗೆ ಕಪಾಟಿನ ಕ್ರಮ ಅಭ್ಯಾಸವಾಗಿಬಿಟ್ಟಿರುತ್ತದೆ.

ಕಲೆ ಓದದವರಿಗೆ ಇದರಿಂದ ಏನು ಅಂತ ಕೇಳುತ್ತೀರಿ. ಗ್ಯಾಲರಿಯ ಎದುರು ರಸ್ತೆಯ ಆಚೆಗೇ ಯೇಲ್‌ನ ಇನ್ನೊಂದು ಸಂಗ್ರಹಾಲಯ ಇದೆ, ಬ್ರಿಟಿಷ್ ಕಲೆಯದು. ಅದೂ ಲೂಯಿ ಕಾನ್ ಕಟ್ಟಡವೇ, ಅವನು ತೀರಿಕೊಂಡ ಮೇಲೆ 1977ರಲ್ಲಿ ತೆರೆದದ್ದು. ಚರ್ಮರೋಗ ವೈದ್ಯರಾದ ಅರ್ವಿನ್ ಬ್ರೇವರ್‌ಮನ್ ಅವರು ಅಲ್ಲಿನ ಶಿಕ್ಷಣ ವಿಭಾಗದ ಲಿಂಡಾ ಫ್ರೀಡ್‌ಲೆಂಡರ್ ಜೊತೆ ಸೇರಿ ಮೆಡಿಕಲ್ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದರು. ಒಬ್ಬೊಬ್ಬರಿಗೆ ಒಂದೊಂದು ಚಿತ್ರ. ಲೇಬಲ್ ಓದುವಂತಿಲ್ಲ. ಕಂಡದ್ದನ್ನು ಹೇಳಬೇಕು, ಊಹೆಯನ್ನು ಆಮೇಲೆ. 'ಆಕೆ ದುಃಖದಲ್ಲಿದ್ದಾಳೆ' ಅಂದರೆ ಆಗದು, ತುಟಿಯ ಅಂಚು ಕೆಳಗಿಳಿದಿದೆ, ಕಣ್ಣು ಕೆಂಪಾಗಿದೆ ಅನ್ನಬೇಕು. ಹೀಗೆ ಕಲಿತವರು ರೋಗಿಗಳ ಫೋಟೋ ನೋಡಿ ವಿವರ ಗುರುತಿಸುವುದರಲ್ಲಿ ಉಳಿದವರಿಗಿಂತ ಮುಂದಿದ್ದರು ಅಂತ 2001ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ವರದಿ ಬಂತು. ನನ್ನ ವಿಷಯದಲ್ಲೂ ಇದು ನಿಜವಾಗಿದೆ. ಈಗ ನಾನು ಹಳ್ಳಿಗಳಲ್ಲಿ ರಕ್ತಹೀನತೆಯ ಕೆಲಸ ಮಾಡುತ್ತೇನೆ. ಒಂದು ಮನೆಯೊಳಗೆ ಹೋದರೆ ಫಾರಂ ತೆಗೆಯುವ ಮುಂಚೆ ನೋಡುತ್ತೇನೆ. ಒಲೆ ಎಲ್ಲಿದೆ, ಹೊಗೆ ಎಲ್ಲಿ ಹೋಗುತ್ತಿದೆ, ಊಟಕ್ಕೆ ತಟ್ಟೆ ಎಷ್ಟು, ಆ ತಾಯಿ ಯಾರ ಆಮೇಲೆ ಉಣ್ಣುತ್ತಾಳೆ. ಇದನ್ನು ಯಾವ ಕೋರ್ಸೂ ನನಗೆ ಕಲಿಸಲಿಲ್ಲ.

ಒಹಾಯೋದ ಓಬರ್ಲಿನ್ ಕಾಲೇಜಿನ ವಿಷಯವನ್ನೂ ಹೇಳಬೇಕು. ಅಲ್ಲಿನ ಸಂಗ್ರಹಾಲಯ 1940ರಿಂದ ವಿದ್ಯಾರ್ಥಿಗಳಿಗೆ ಅಸಲಿ ಚಿತ್ರಗಳನ್ನು ಬಾಡಿಗೆಗೆ ಕೊಡುತ್ತದೆ. ಎಲೆನ್ ಜಾನ್ಸನ್ ಎಂಬುವರು ಶುರುಮಾಡಿದ್ದು. ಸೆಮಿಸ್ಟರಿಗೆ ಕೆಲವೇ ಡಾಲರ್. ಪಿಕಾಸೋನ ಮುದ್ರಣಚಿತ್ರವೊಂದನ್ನು ಬಗಲಲ್ಲಿಟ್ಟುಕೊಂಡು ಹುಡುಗಿಯೊಬ್ಬಳು ಹಾಸ್ಟೆಲ್ಲಿಗೆ ನಡೆದುಕೊಂಡು ಹೋಗುವುದನ್ನು ಕಲ್ಪಿಸಿಕೊಳ್ಳಿ. ತಮಗೆ ಬೇಕಾದ ಚಿತ್ರ ಸಿಗಲೆಂದು ವಿದ್ಯಾರ್ಥಿಗಳು ಹಿಂದಿನ ರಾತ್ರಿಯೇ ಬಂದು ಡೇರೆ ಹಾಕಿಕೊಂಡು ಸಾಲಿನಲ್ಲಿ ಮಲಗುತ್ತಾರೆ. ನಂಬಿ ಕೊಟ್ಟರೆ ಜೋಪಾನ ಮಾಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹೊರದೇಶವೇ ಯಾಕೆ, ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸರ ಹುಟ್ಟುಹಬ್ಬದ ಹಿಂದಿನ ಎರಡು ದಿನ, ಡಿಸೆಂಬರ್ 1 ಮತ್ತು 2ರಂದು, ನಂದನ ಮೇಳ ನಡೆಯುತ್ತದೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು ಕೈಯಾರೆ ಮಾಡಿದ್ದನ್ನು ಮಾರುತ್ತಾರೆ, ಬಂದ ಹಣ ಕಷ್ಟದಲ್ಲಿರುವ ವಿದ್ಯಾರ್ಥಿಗಳ ನಿಧಿಗೆ ಹೋಗುತ್ತದೆ. ಟ್ರಂಬುಲ್ ಬರೆಸಿದ ಮಾತೂ ಇದೇ ತಾನೇ.

ಈಗ ನಮ್ಮ ಊರಿಗೆ ಬರುತ್ತೇನೆ. ಇಲ್ಲಿಂದ ಸ್ವಲ್ಪ ದೂರದಲ್ಲೇ ಮಾನಸಗಂಗೋತ್ರಿ ಇದೆ. ಆ ಹೆಸರನ್ನು ಇಟ್ಟವರು ಕುವೆಂಪು. ಅದರೊಳಗೆ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ, ಆ ಅರಮನೆಯಲ್ಲಿ ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ. ತೊಗಲುಗೊಂಬೆ, ಸೋಮನ ಮುಖವಾಡ, ಯಕ್ಷಗಾನದ ಕಿರೀಟ, ಒಕ್ಕಲುತನದ ಸಾಮಾನು. ಪಿ. ಆರ್. ತಿಪ್ಪೇಸ್ವಾಮಿ ಅವರಂಥ ಚಿತ್ರಕಾರರು ಹಳ್ಳಿ ಹಳ್ಳಿ ತಿರುಗಿ, ಜನ ಅಟ್ಟದ ಮೇಲೆ ಎಸೆದಿದ್ದನ್ನು ಕೇಳಿ ತಂದು ಕೂಡಿಸಿದ್ದು. ಧಾರವಾಡದಲ್ಲಿ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯಲ್ಲೂ ಶಾಸನ, ಶಿಲ್ಪ, ಹಸ್ತಪ್ರತಿಗಳ ಸಂಗ್ರಹ ಇದೆ. ನಮ್ಮ ವಿಶ್ವವಿದ್ಯಾಲಯಗಳು ಬಡವಲ್ಲ. ಒಂದು ಕಡೆ ವಸ್ತುಗಳು ಕೂತಿವೆ. ಇನ್ನೊಂದು ಕಡೆ, ಹಾಸ್ಟೆಲ್ಲಿನ ಮೆಸ್ ಬಿಲ್ಲು ಕಟ್ಟೋಕೆ ರಾತ್ರಿ ಡೆಲಿವರಿ ಮಾಡುವ, ಕ್ಯಾಟರಿಂಗಿನಲ್ಲಿ ಬಡಿಸುವ ವಿದ್ಯಾರ್ಥಿಗಳಿದ್ದಾರೆ. ಆ ಕೆಲಸಗಳನ್ನು ಕೀಳು ಅನ್ನುತ್ತಿಲ್ಲ. ಈ ಎರಡೂ ಒಂದೇ ಆವರಣದಲ್ಲಿದ್ದು, ನಡುವೆ ಒಂದು ಬಾಗಿಲು ಇಲ್ಲವಲ್ಲ ಅನ್ನುವುದು ನನ್ನ ಸಂಕಟ.

ಕೆಲಸಕ್ಕೇನು ಬರವೇ? ಕಿರೀಟದ ಬೇಗಡೆಯಲ್ಲಿ ಹುಳ ಬಿದ್ದಿದೆಯೇ ಅಂತ ಅಂಟುಕಾಗದ ಇಟ್ಟು ವಾರಕ್ಕೊಮ್ಮೆ ಎಣಿಸುವುದು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯ ಕೆಲಸ. ಗೊಂಬೆಯ ಬಣ್ಣ ಯಾವ ಗಿಡದ್ದು ಅನ್ನುವುದು ಸಸ್ಯಶಾಸ್ತ್ರದ್ದು. ಇಂಜಿನಿಯರಿಂಗಿನವರು ಕೋಣೆಯ ತೇವ ಅಳೆಯಲಿ, ಮಳೆಗಾಲದಲ್ಲಿ ಎಷ್ಟು ಏರುತ್ತದೆ ಅಂತ ದಿನಕ್ಕೆ ಎರಡು ಸಲ ಬರೆದಿಡಲಿ. ಕನ್ನಡ ಎಂ.ಎ. ಮಾಡುವವರು ಎಪ್ಪತ್ತು ಪದದ ಲೇಬಲ್ ಬರೆಯಲಿ. ನಿಮ್ಮಲ್ಲಿ ಯಾರ ಅಜ್ಜ ಸೋಮನ ಕುಣಿತ ಕುಣಿದಿದ್ದರೋ ಅವರು ಶಾಲೆ ಮಕ್ಕಳನ್ನು ಆ ಮುಖವಾಡದ ಮುಂದೆ ನೆಲದ ಮೇಲೆ ಕೂರಿಸಿ ಕೇಳಲಿ, ಇಲ್ಲಿ ಏನು ನಡೀತಿದೆ ಅಂತ. ಇದಕ್ಕೆ ಸಂಬಳ ಕೊಡಬೇಕು. ಸೇವೆ ಅಂತ, ಪ್ರಮಾಣಪತ್ರ ಕೊಡುತ್ತೇವೆ ಅಂತ ಪುಕ್ಕಟೆ ಮಾಡಿಸಬಾರದು. ಪುಕ್ಕಟೆ ಕೆಲಸಕ್ಕೆ ಬರುವವರು ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ. ರಾತ್ರಿ ಪಾಳಿಯ ತಾಯಿಯ ಮಗ ಬರೋಕೆ ಆಗುವುದಿಲ್ಲ, ಆ ಚಿತ್ರದಲ್ಲಿ ಅವನಿಗೆ ಮಾತ್ರ ಕಾಣುವುದು ಯಾರಿಗೂ ಕಾಣದೇ ಹೋಗುತ್ತದೆ.

ಮಾತು ಮುಗಿದ ಮೇಲೆ ಬಿ.ಕಾಂ. ಓದುವ ಹುಡುಗಿಯೊಬ್ಬಳು ಎದ್ದು ನಿಂತಳು. 'ಮೇಡಂ, ನಮಗೆ ಆರ್ಟ್ ಬಗ್ಗೆ ಏನೂ ಗೊತ್ತಿಲ್ಲ. ಇಂಥ ಕೆಲಸಕ್ಕೆ ನಮ್ಮನ್ನು ತಗೋತಾರಾ?' ನನ್ನ ಸಂದರ್ಶನದಲ್ಲಿ ನನ್ನನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿ, ಕಂಡದ್ದನ್ನು ಹೇಳು ಅಂದಿದ್ದರು, ಅಷ್ಟೇ ಅಂದೆ. ಆ ಸಭಾಂಗಣದ ಹಿಂದಿನ ಗೋಡೆಯ ಮೇಲೆ ಹಳೆಯದೊಂದು ಚಿತ್ರ ಇತ್ತು. ಯಾರು ಬರೆದದ್ದೋ, ಗಾಜಿನ ಮೇಲೆ ಧೂಳು ಕೂತಿತ್ತು. ಹೊಲದ ಬದು, ಒಂದು ಎಮ್ಮೆ, ತಲೆಗೆ ಬುತ್ತಿ ಕುಕ್ಕೆಯಿರುವ ಹೆಂಗಸು. ಹಿಂದೆ ತಿರುಗಿ ನೋಡಿ ಹೇಳಮ್ಮ ಅಂದೆ.

ಅವಳು ತುಸು ಹೊತ್ತು ನೋಡಿದಳು. 'ಬುತ್ತಿ ಇಳಿಸ್ತಿದ್ದಾಳೋ ಎತ್ಕೋತಿದ್ದಾಳೋ ಗೊತ್ತಾಗ್ತಿಲ್ಲ. ಎತ್ಕೋತಿದ್ದಾಳೆ ಅನ್ಸುತ್ತೆ. ಮನೆಗೆ ಹೊರಟಿದ್ದಾಳೆ.'

'ಏನು ನೋಡಿ ಹಾಗನ್ನಿಸ್ತು?'

'ಎಮ್ಮೆ ನೆರಳು ಉದ್ದ ಇದೆ. ಸಂಜೆ ಆಗಿದೆ.'

ಹಿಂದಿನ ಸಾಲಿನಿಂದ ಒಬ್ಬ ಹುಡುಗ, 'ಬೆಳಿಗ್ಗೆನೂ ನೆರಳು ಉದ್ದಾನೇ ಇರುತ್ತೆ' ಅಂದ. ಇನ್ನೊಬ್ಬಳು, ಕುಕ್ಕೆ ಭಾರ ಇದೆಯೋ ಇಲ್ಲವೋ ಅನ್ನೋದನ್ನ ಕುತ್ತಿಗೆ ನೋಡಿ ಹೇಳಬಹುದು ಅಂದಳು. ಕುತ್ತಿಗೆ ಇಲ್ಲಿಂದ ಕಾಣಿಸ್ತಿಲ್ಲ ಅಂತ ಯಾರೋ ಎದ್ದರು. ಕುರ್ಚಿ ಸರಿದ ಸದ್ದಾಯಿತು. ನೋಡುತ್ತಿದ್ದ ಹಾಗೆ ಅರ್ಧ ಸಭೆ ನನಗೆ ಬೆನ್ನು ಮಾಡಿ ಆ ಗೋಡೆಯ ಕಡೆ ಹೊರಟಿತ್ತು. ಒಬ್ಬ ತನ್ನ ಕರ್ಚೀಫ್ ತೆಗೆದು ಗಾಜಿನ ಧೂಳು ಒರೆಸತೊಡಗಿದ್ದ.